ಕೆಂಪು ಮನುಷ್ಯ ನಿಂತಿದ್ದಾನೆ, ತಾತ!

ಜರ್ಮನಿಯ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆ ಊರಿನ ರೀತಿನೀತಿಗಳನ್ನು ನನಗೆ ಕಲಿಸಿದವಳು ಆರು ವರ್ಷದ ಮೊಮ್ಮಗಳು.

ಒಂದು ಬೆಳಿಗ್ಗೆ ಮರಿಯೆನ್‌ಪ್ಲಾಟ್ಸ್ ಚೌಕದ ಗೊಂಬೆ ಗಡಿಯಾರ ನೋಡಲು ಹೊರಟೆವು. 11 ಗಂಟೆಗೆ ಆಟ ಶುರು, ಹತ್ತೇ ನಿಮಿಷ ಉಳಿದಿತ್ತು. ದಾರಿಯಲ್ಲಿ ಸಿಗ್ನಲ್ ಕೆಂಪಾಗಿತ್ತು. ರಸ್ತೆ ಖಾಲಿ. ನಾನು ಕಾಲು ಮುಂದಿಟ್ಟೆ. ಪುಟ್ಟಿ ಕೈ ಹಿಡಿದು ಎಳೆದಳು.

“ಕೆಂಪು ಮನುಷ್ಯ ನಿಂತಿದ್ದಾನೆ, ತಾತ!”

“ಗಾಡಿಯೇ ಇಲ್ಲವಲ್ಲೇ?”

“ಆ ಕಡೆ ಪಾಪು ನೋಡ್ತಾ ಇದೆ.”

ಎದುರಿಗೆ ಅಜ್ಜಿಯೊಬ್ಬರು ಪುಟ್ಟ ಮಗುವಿನ ಕೈ ಹಿಡಿದು ನಿಂತಿದ್ದರು. ಮಕ್ಕಳ ಎದುರು ಕೆಂಪು ದೀಪ ದಾಟುವುದನ್ನು ಅಲ್ಲಿನವರು ದೊಡ್ಡ ತಪ್ಪೆಂದೇ ತಿಳಿಯುತ್ತಾರೆ. ಅರವತ್ತೆಂಟರ ನಾನು ನಾಚಿ ಹಿಂದೆ ಸರಿದೆ.

ಅಂದಿನಿಂದ ಪುಟ್ಟಿಯೇ ನನ್ನ ಗುರು. ಅವಳ ಪಾಠಗಳನ್ನು ನೀವೂ ಕೇಳಿ. ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಪಾದಚಾರಿ ದಾರಿಯ ಪಕ್ಕದಲ್ಲೇ ಸೈಕಲ್ ದಾರಿ ಇರುತ್ತದೆ, ಅದರ ಮೇಲೆ ನಡೆಯಬಾರದು. ಎಸ್ಕಲೇಟರ್‌ನಲ್ಲಿ ಬಲಕ್ಕೆ ನಿಂತು, ಅವಸರದವರಿಗೆ ಎಡಬದಿ ಬಿಡಬೇಕು. ಅಂಗಡಿಗೆ ಕಾಲಿಟ್ಟೊಡನೆ “ಗ್ರೂಸ್ ಗಾಟ್” ಎಂದು ನಮಸ್ಕರಿಸಬೇಕು.

ಮೆಟ್ರೋ ನಿಲ್ದಾಣದಲ್ಲಿ ಬೆಂಗಳೂರಿನ ಹಾಗೆ ತೆರೆದು ಮುಚ್ಚುವ ಗೇಟುಗಳಿಲ್ಲ. ಹಾಗೆಂದು ಟಿಕೆಟ್ ಇಲ್ಲದೆ ಹತ್ತಿದರೆ, ತಪಾಸಣೆಯವರು ಬಂದಾಗ 60 ಯೂರೋ ದಂಡ. ಕೆಲವು ಟಿಕೆಟ್‌ಗಳಿಗೆ ನೀಲಿ ಪೆಟ್ಟಿಗೆಯಲ್ಲಿ ನಾವೇ ಮುದ್ರೆ ಹಾಕಿಕೊಳ್ಳಬೇಕು. ಮರೆತರೂ ದಂಡ ತಪ್ಪದು.

ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ಹಾಲು, ತರಕಾರಿ ಶನಿವಾರವೇ ತಂದಿಡಬೇಕು. ಅಂದು ಗೋಡೆ ಕೊರೆಯುವಂಥ ಸದ್ದೂ ಕೂಡದು. ನೀರು ಕುಡಿದ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ ಮಕ್ಕಳೇ! ಅಂಗಡಿಯ ಯಂತ್ರಕ್ಕೆ ಹಾಕಿದರೆ, ಕೊಳ್ಳುವಾಗ ಇಟ್ಟ 25 ಸೆಂಟ್ ಠೇವಣಿ ವಾಪಸ್ ಸಿಗುತ್ತದೆ. ಪುಟ್ಟಿಯ ಹುಂಡಿ ತುಂಬಿದ್ದೇ ಹೀಗೆ.

ಅಂದಹಾಗೆ, ಗೊಂಬೆಯಾಟ ತಪ್ಪಲಿಲ್ಲ. ನಾವು ತಲುಪುವಾಗ 43 ಘಂಟೆಗಳ ನಾದಕ್ಕೆ ಕುದುರೆ ಏರಿದ ವೀರರು ಕಾಳಗಕ್ಕೆ ಹೊರಟಿದ್ದರು. ಅದು 1568ರ ರಾಜಮನೆತನದ ಮದುವೆಯ ನೆನಪು. ದಿನವೂ ಗೆಲ್ಲುವುದು ಬವೇರಿಯಾದ ವೀರನೇ!

ಈಗ ಮೈಸೂರಿಗೆ ಮರಳಿದ್ದೇನೆ. ರಸ್ತೆ ಖಾಲಿ ಕಂಡರೂ ಕೆಂಪು ದೀಪಕ್ಕೆ ನಿಲ್ಲುತ್ತೇನೆ. ಹಿಂದಿನವರು “ಹೋಗಿ ಯಜಮಾನ್ರೇ” ಎನ್ನುತ್ತಾರೆ. ನಾನು ಮಾತ್ರ ಆ ಕಡೆ ಯಾವುದಾದರೂ ಪಾಪು ನೋಡುತ್ತಿದೆಯೇ ಎಂದು ಹುಡುಕುತ್ತೇನೆ.