ವ್ಯಾಯಾಮ ಮಾಡಿದ್ರೆ ಉರಿಯೂತ ಯಾಕೆ ತಗ್ಗುತ್ತೆ?

ಕಾಲು ಉಳುಕಿದ್ರೆ ಊದಿಕೊಳ್ಳುತ್ತೆ, ಬಿಸಿಯಾಗುತ್ತೆ. ಅದೇ ಉರಿಯೂತ. ವಾಸಿಯಾಗೋಕೆ ಅದು ಬೇಕೇ ಬೇಕು.

ತೊಂದರೆ ಇನ್ನೊಂದು ಥರದ್ದು. ನೋವಿಲ್ಲ, ಊತವಿಲ್ಲ, ಆದ್ರೆ ವರ್ಷಗಟ್ಟಲೆ ಮೈಯೊಳಗೆ ಸಣ್ಣಗೆ ನಡೀತಾನೇ ಇರುತ್ತೆ. ಹೃದ್ರೋಗದಲ್ಲೂ ಟೈಪ್ 2 ಮಧುಮೇಹದಲ್ಲೂ ಇದರ ಕೈವಾಡ ಇದೆ. ಹೊಟ್ಟೆಯೊಳಗಿನ ಕೊಬ್ಬು ಇದರ ಒಂದು ದೊಡ್ಡ ಮೂಲ.

ಈಗ ಸ್ನಾಯುಗಳ ಕಡೆ ಬನ್ನಿ. ಹೆಚ್ಚು ಹೊತ್ತು ಸೈಕಲ್ ತುಳಿದಾಗ, ಓಡಿದಾಗ, ಸ್ನಾಯುಗಳು ಇಂಟರ್‌ಲ್ಯೂಕಿನ್-6 ಅನ್ನೋ ಪ್ರೋಟೀನನ್ನ ರಕ್ತಕ್ಕೆ ಬಿಡುತ್ತವೆ. ಕಾಯಿಲೆ ಬಿದ್ದಾಗ ಇದೇ ಪ್ರೋಟೀನ್ ಉರಿಯೂತದ ಗುರುತು! ಆದ್ರೆ ವ್ಯಾಯಾಮದಲ್ಲಿ ಅದು ಸರ್ರನೆ ಏರಿ, ಕೆಲವೇ ಗಂಟೆಗಳಲ್ಲಿ ಇಳಿಯುತ್ತೆ. ಅಷ್ಟರೊಳಗೆ ಉರಿಯೂತ ತಗ್ಗಿಸೋ ಇಂಟರ್‌ಲ್ಯೂಕಿನ್-10ನ್ನ ಎಬ್ಬಿಸಿರುತ್ತೆ.

ಇದನ್ನ ಪರೀಕ್ಷಿಸಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಡೆನ್ಮಾರ್ಕ್‌ನ ಬೆಂಟೆ ಪೆಡರ್ಸನ್ ಮತ್ತವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ್ದು. ಆರೋಗ್ಯವಂತ ಗಂಡಸರಿಗೆ ಬ್ಯಾಕ್ಟೀರಿಯಾದ ವಿಷಾಂಶವನ್ನ ಸ್ವಲ್ಪವೇ ಸ್ವಲ್ಪ ಚುಚ್ಚಿದ್ರು. ಸುಮ್ಮನೆ ವಿಶ್ರಾಂತಿಯಲ್ಲಿದ್ದಾಗ ಉರಿಯೂತ ಹಚ್ಚೋ ಟಿಎನ್‌ಎಫ್ ಅನ್ನೋ ಪ್ರೋಟೀನ್ ಎರಡು ಮೂರು ಪಟ್ಟು ಏರಿತು. 3 ಗಂಟೆ ಸೈಕಲ್ ತುಳಿದ ದಿನ? ಆ ಏರಿಕೆ ಕಾಣಲೇ ಇಲ್ಲ.

3 ಗಂಟೆ ಅಂದ್ರೆ ಹೆದರಬೇಡಿ, ಅದು ಪ್ರಯೋಗಕ್ಕೆ. ದಿನಾ ಮಾಡೋ ವ್ಯಾಯಾಮದ ಲಾಭ ನಿಧಾನಕ್ಕೆ ಬರುತ್ತೆ, ಹೊಟ್ಟೆಯೊಳಗಿನ ಕೊಬ್ಬು ಕರಗಿದ ಹಾಗೆ. ತೂಕದ ಮೆಷಿನ್ ಅದನ್ನ ತೋರಿಸದೇ ಇರಬಹುದು, ಬೇಜಾರಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ. ಬಿರುಸಿನ ನಡಿಗೆಯೂ ಲೆಕ್ಕಕ್ಕೆ ಬರುತ್ತೆ.

ಜ್ವರ ಇದ್ರೆ ಮಾತ್ರ ಮಲಗಿ, ವ್ಯಾಯಾಮ ಬೇಡ.