ಬುಟಿಬೋರಿಯನ್ನು ಕಟ್ಟಿದ್ದು ಮಾರುಕಟ್ಟೆಯೇ?

ಬಡ ದೇಶ ಮುಂದೆ ಬರಬೇಕಾದರೆ ಸರ್ಕಾರ ಪಕ್ಕಕ್ಕೆ ಸರಿದು ಮಾರುಕಟ್ಟೆಗೆ ದಾರಿ ಬಿಟ್ಟರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. 1991ರ ನಂತರ ಬೆಳೆದ ಕೈಗಾರಿಕಾ ಪ್ರದೇಶಗಳನ್ನೇ ಇದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ನಾಗ್ಪುರದಿಂದ ವರ್ಧಾ ರಸ್ತೆಯಲ್ಲಿ ಸುಮಾರು 30 ಕಿ.ಮೀ. ದೂರದ ಬುಟಿಬೋರಿ ಅಂಥದ್ದೊಂದು ಜಾಗ. ನಂಬಿಕೆಯಲ್ಲಿ ಒಂದಂಶ ನಿಜವೂ ಹೌದು. 1991ರ ಜುಲೈ 24ರಂದು ಪಿ.ವಿ. ನರಸಿಂಹ ರಾವ್ ಸರ್ಕಾರ 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆಲ್ಲ ಲೈಸೆನ್ಸ್ ರದ್ದು ಮಾಡಿತು. ಅಲ್ಲಿಯವರೆಗೆ ದೊಡ್ಡ ಕಾರ್ಖಾನೆಯೊಂದು ಎಷ್ಟು ಸರಕು ತಯಾರಿಸಬಹುದು ಎಂಬುದಕ್ಕೂ ದೆಹಲಿಯ ಅಪ್ಪಣೆ ಬೇಕಿತ್ತು. ಆ ಕಟ್ಟು ಸಡಿಲವಾಗದಿದ್ದರೆ ಬುಟಿಬೋರಿಯಲ್ಲಿ ಇಂಡೋರಾಮಾದಂಥ ಪಾಲಿಯೆಸ್ಟರ್ ಕಾರ್ಖಾನೆ ಬೆಳೆಯುವುದು ಕಷ್ಟವಿತ್ತು.

ಆದರೆ ಅಪ್ಪಣೆ ಬೇಡವೆಂದ ಮಾತ್ರಕ್ಕೆ ಬುಟಿಬೋರಿ ಇರುವ, ಮುಂಬೈ ಬಂದರಿನಿಂದ ಅಷ್ಟು ದೂರದ ವಿದರ್ಭಕ್ಕೆ ಬಂಡವಾಳ ತಾನಾಗಿ ಬರಲಿಲ್ಲ. ಅಲ್ಲಿ ಹೊಲಗಳನ್ನು ಸ್ವಾಧೀನ ಮಾಡಿಕೊಂಡು, ಪ್ಲಾಟು ಹಾಕಿ, ರಸ್ತೆ ಮತ್ತು ನೀರಿನ ವ್ಯವಸ್ಥೆ ಮಾಡಿಕೊಟ್ಟದ್ದು 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ. ಹಿಂದುಳಿದ ಪ್ರದೇಶಕ್ಕೆ ಹೋಗುವ ಉದ್ಯಮಗಳಿಗೆ ಆ ರಾಜ್ಯ 1964ರಿಂದಲೇ ಪ್ರೋತ್ಸಾಹಕ ಯೋಜನೆ ನಡೆಸುತ್ತಿದೆ. ಅದರಡಿ ತೊಂಬತ್ತರ ದಶಕದಲ್ಲಿ ಸಿಕ್ಕ ದೊಡ್ಡ ಅನುಕೂಲವೆಂದರೆ ಮಾರಾಟ ತೆರಿಗೆಯದು: ಗಿರಾಕಿಯಿಂದ ವಸೂಲಾದ ತೆರಿಗೆಯನ್ನು ಕಂಪನಿ ತಕ್ಷಣ ಖಜಾನೆಗೆ ಕಟ್ಟದೆ, ವರ್ಷಗಳ ನಂತರ ತೀರಿಸಬಹುದಿತ್ತು. ಬಡ್ಡಿಯಿಲ್ಲದ ಸಾಲವೆಂದರೆ ಇದೇ. ಆಮದು ಸುಂಕವೂ ಒಮ್ಮೆಲೇ ಮಾಯವಾಗಲಿಲ್ಲ. 1991ರಲ್ಲಿ ಶೇ 150ಕ್ಕೆ ಇಳಿದ ಗರಿಷ್ಠ ಸುಂಕ 1995ರಲ್ಲಿ ಶೇ 50 ಆಯಿತು. ಕೃಷಿಯೇತರ ಸರಕುಗಳಿಗೆ ಶೇ 10ಕ್ಕೆ ಬಂದದ್ದು 2007ರಲ್ಲಿ. ಹೊಸ ಕಾರ್ಖಾನೆಗಳು ಯಂತ್ರ ಕೂರಿಸಿ, ಕೆಲಸ ಕಲಿತು, ಮಾರುಕಟ್ಟೆ ಹಿಡಿಯಲು ಈ ನಿಧಾನವೇ ಕಾಲಾವಕಾಶ ಕೊಟ್ಟಿತು.

ಹಾಗಾದರೆ ಹಳೆಯ ಲೈಸೆನ್ಸ್ ರಾಜ್ಯವೇ ವಾಸಿಯಾಗಿತ್ತೇ ಎಂಬ ಆಕ್ಷೇಪ ಸಹಜ. ಇಲ್ಲ. ಯಾರು ಏನು ತಯಾರಿಸಬೇಕೆಂದು ಸರ್ಕಾರ ಹಂಚಿಕೊಟ್ಟಾಗ ಒಳ್ಳೆಯ ಸರಕಿಗಿಂತ ವಶೀಲಿಗೆ ಬೆಲೆ ಬಂತು. ನೆಲ, ನೀರು, ಸಾಲ, ಕೆಲಕಾಲದ ರಕ್ಷಣೆ ಕೊಟ್ಟು ಪ್ರತಿಯಾಗಿ ಫಲ ಕೇಳುವುದು ಬೇರೆಯೇ ಕೆಲಸ. ದಕ್ಷಿಣ ಕೊರಿಯಾ ಮಾಡಿದ್ದು ಅದನ್ನೇ. ಉಕ್ಕಿನ ಕಾರ್ಖಾನೆ ಆ ಬಡ ದೇಶಕ್ಕೆ ಹೊಂದುವುದಿಲ್ಲವೆಂದು ವಿಶ್ವಬ್ಯಾಂಕ್ ಹೇಳಿದರೂ, ಜಪಾನಿನಿಂದ ಬಂದ ಪರಿಹಾರದ ಹಣ ಹಾಕಿ ಸರ್ಕಾರವೇ 1968ರಲ್ಲಿ ಹುಟ್ಟಿದ ಪೋಸ್ಕೋವನ್ನು ಕಟ್ಟಿತು. ಬೆಂಗಳೂರಿನ ಸಾಫ್ಟ್‌ವೇರ್ ಯಾರ ಹಂಗೂ ಇಲ್ಲದೆ ಬೆಳೆಯಿತು ಎನ್ನುವವರು ಎಚ್‌ಎಎಲ್, ಬಿಇಎಲ್, ಭಾರತೀಯ ವಿಜ್ಞಾನ ಸಂಸ್ಥೆಗಳು ದಶಕಗಟ್ಟಲೆ ತಯಾರು ಮಾಡಿದ ಎಂಜಿನಿಯರುಗಳನ್ನೂ, 1991ರಲ್ಲಿ ಆರಂಭವಾದ ಸರ್ಕಾರಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್‌ನ ಉಪಗ್ರಹ ಸಂಪರ್ಕವನ್ನೂ, 2011ರವರೆಗೆ ಸಿಕ್ಕ ಆದಾಯ ತೆರಿಗೆ ವಿನಾಯಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಖಾಸಗಿ ಎಂದರೆ ಮಾರುಕಟ್ಟೆಯ ಬಲದಲ್ಲೇ ಬದುಕುವುದು ಎಂಬ ಭಾವನೆಗೂ ಬುಟಿಬೋರಿಯಲ್ಲೇ ಉತ್ತರವಿದೆ. ಅಲ್ಲಿನ 600 ಮೆಗಾವಾಟ್‌ನ ಖಾಸಗಿ ಉಷ್ಣ ವಿದ್ಯುತ್ ಸ್ಥಾವರ, ವಿದರ್ಭ ಇಂಡಸ್ಟ್ರೀಸ್ ಪವರ್, ಕಲ್ಲಿದ್ದಲಿನ ಖರ್ಚಿನಲ್ಲಿ ಎಷ್ಟನ್ನು ಗ್ರಾಹಕರ ದರಕ್ಕೆ ಸೇರಿಸಬಹುದು ಎಂಬ ಪ್ರಶ್ನೆಯಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದೊಂದಿಗೆ ವ್ಯಾಜ್ಯಕ್ಕೆ ಬಿದ್ದಿತು. ಸ್ಥಾವರ 2019ರಲ್ಲಿ ನಿಂತಿತು. ಸಾಲದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರಲ್ಲಿ ಅದಾನಿ ಪವರ್ ಅದನ್ನು ವಹಿಸಿಕೊಂಡಿತು. ಇದರಲ್ಲಿ ತಪ್ಪು ಯಾರದೇ ಇರಲಿ, ದರ ನಿರ್ಧಾರವಾದದ್ದು ಸಂತೆಯ ಚೌಕಾಸಿಯಲ್ಲಲ್ಲ, ಆಯೋಗದ ಆದೇಶದಲ್ಲಿ.

ನನಗೆ ಇದಕ್ಕಿಂತ ಹೆಚ್ಚು ಚುಚ್ಚುವುದು ಕಾರ್ಖಾನೆಯ ಬೇಲಿಯ ಆಚೆಗಿನ ಸಂಗತಿ. ಪೆಟ್ರೋಲಿಯಂ ಮೂಲದ ದ್ರವವನ್ನು ಸೂಕ್ಷ್ಮ ರಂಧ್ರಗಳ ಮೂಲಕ ಎಳೆಯಾಗಿ ತೆಗೆದು, ಹತ್ತಿಯೊಂದಿಗೆ ಬೆರೆಯುವಷ್ಟು ಗಿಡ್ಡವಾಗಿ ಕತ್ತರಿಸಿದರೆ ಪಾಲಿಯೆಸ್ಟರ್ ಫೈಬರ್ ಸಿದ್ಧ. ಅದು ತಯಾರಾಗುವುದು ಹತ್ತಿಯ ಸೀಮೆಯ ನಡುವೆ. ಆ ಎಳೆಗೆ ನೆಲ, ತೆರಿಗೆ, ಸುಂಕ ಮೂರೂ ಕಡೆಯಿಂದ ಆಸರೆ ಸಿಕ್ಕಿತು. ಪಕ್ಕದ ಹೊಲದ ಹತ್ತಿ ರೈತ ಎದುರಿಸಿದ್ದು ಅಮೆರಿಕದ ಹತ್ತಿ ಸಬ್ಸಿಡಿ ತಗ್ಗಿಸಿಟ್ಟ ವಿಶ್ವದ ಬೆಲೆಯನ್ನು. ಆ ಸಬ್ಸಿಡಿಯ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಕೊಟ್ಟು 2005ರಲ್ಲಿ ಗೆದ್ದಿತು. ಆದರೂ ವಿವಾದ ಮುಗಿದದ್ದು 2014ರಲ್ಲಿ, ಅಮೆರಿಕ ಬ್ರೆಜಿಲ್‌ಗೆ 30 ಕೋಟಿ ಡಾಲರ್ ಕೊಟ್ಟಾಗ. ವಿದರ್ಭದ ರೈತನಿಗೆ ಅದರಿಂದ ಏನೂ ದಕ್ಕಲಿಲ್ಲ. ಬೆಂಬಲ ಬೆಲೆ ಇದೆಯಲ್ಲ ಎನ್ನಬಹುದು. ಆದರೆ ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾಗದ ಸಾಲಗಾರ ವರ್ತಕ ಹೇಳಿದ ದರಕ್ಕೇ ಮಾರುತ್ತಾನೆ. 2025ರ ಆಗಸ್ಟ್‌ನಲ್ಲಿ, ಅಮೆರಿಕದ ಶೇ 50ರ ಸುಂಕದಿಂದ ಜವಳಿ ಉದ್ಯಮ ಕಂಗಾಲಾದಾಗ, ಕೇಂದ್ರ ಸರ್ಕಾರ ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ತೆಗೆದುಹಾಕಿತು. ವಿನಾಯಿತಿಯನ್ನು ಆಮೇಲೆ ಡಿಸೆಂಬರ್ ಕೊನೆಯವರೆಗೂ ವಿಸ್ತರಿಸಿತು. ವಿದರ್ಭದಲ್ಲಿ ಹತ್ತಿ ಬಿಡಿಸಿ ಮಂಡಿಗೆ ತರುವುದೂ ಅದೇ ತಿಂಗಳುಗಳಲ್ಲಿ.