ಕಪ್ಪೋ? ನಸುಗಪ್ಪೋ?

ಕನ್ನಡದಲ್ಲಿ ‘ನಸು’ ಎಂಬ ಚಿಕ್ಕ ಶಬ್ದವೊಂದಿದೆ. ಮಾಗುತ್ತಿರುವ ಮಾವಿನಕಾಯಿ ನಸುಹಳದಿ, ಸಂಜೆಯ ಬಾನು ನಸುಗೆಂಪು. ಪೂರ್ತಿ ಆ ಬಣ್ಣವಲ್ಲ, ಅದರ ಛಾಯೆ ಮಾತ್ರ ಇದೆ ಎನ್ನಲು ಇದನ್ನು ಬಳಸುತ್ತೇವೆ. ಇಂಗ್ಲಿಷಿನವರು ಇದೇ ಕೆಲಸಕ್ಕೆ ಶಬ್ದದ ಕೊನೆಗೆ ‘ಇಶ್’ ಎಂಬ ಬಾಲ ಅಂಟಿಸುತ್ತಾರೆ. 2014ರ ಸೆಪ್ಟೆಂಬರ್ 24ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಆರಂಭವಾದ ಹಾಸ್ಯ ಧಾರಾವಾಹಿಯೊಂದು ಆ ಬಾಲವನ್ನು ಹೆಸರಿನಲ್ಲೇ ಇಟ್ಟುಕೊಂಡು ಬಂತು: ‘ಬ್ಲ್ಯಾಕ್-ಇಶ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ನಸುಗಪ್ಪು’.

ಜಗಳ ಹೆಸರಿನಿಂದಲೇ ಶುರುವಾಯಿತು. ಧಾರಾವಾಹಿ ಬಂದು ವಾರ ಕಳೆಯುವಷ್ಟರಲ್ಲಿ ಡೊನಾಲ್ಡ್ ಟ್ರಂಪ್ ಟ್ವಿಟರ್‌ನಲ್ಲಿ ಕಿಡಿ ಕಾರಿದರು. ಆಗಿನ್ನೂ ಅವರು ರಾಜಕಾರಣಿಯಲ್ಲ, ವ್ಯಾಪಾರಿ ಮತ್ತು ಟಿ.ವಿ. ತಾರೆ. ‘ನಸುಬಿಳಿ’ ಎಂಬ ಹೆಸರಿನ ಕಾರ್ಯಕ್ರಮ ಬಂದಿದ್ದರೆ ಎಷ್ಟು ಗಲಾಟೆಯಾಗುತ್ತಿತ್ತು, ಇದೇ ದೊಡ್ಡ ವರ್ಣಭೇದವಲ್ಲವೇ ಎಂಬುದು ಅವರ ಧಾಟಿ. ಇನ್ನೊಂದು ಕಡೆ ಕಪ್ಪು ಜನರಲ್ಲಿಯೂ ಕೆಲವರಿಗೆ ಹೆಸರು ಹಿಡಿಸಲಿಲ್ಲ. ಕಪ್ಪುತನವನ್ನು ಅಳೆಯಲು ತಕ್ಕಡಿ ಹಿಡಿದವರು ಯಾರು ಎಂದು ಅವರು ಕೇಳಿದರು. ಧಾರಾವಾಹಿಯ ನಾಯಕ ಹಿಡಿದದ್ದೂ ಅದೇ ತಕ್ಕಡಿಯನ್ನೇ!

ನಾಯಕ ಆಂಡ್ರೆ ಜಾನ್ಸನ್. ಮನೆಯವರ ಬಾಯಲ್ಲಿ ‘ಡ್ರೇ’. ಬಡವರ ಕೇರಿಯಲ್ಲಿ ಹುಟ್ಟಿ ಬೆಳೆದು, ಓದಿ, ಲಾಸ್ ಏಂಜಲೀಸಿನ ಜಾಹೀರಾತು ಸಂಸ್ಥೆಯಲ್ಲಿ ಒಳ್ಳೆಯ ಹುದ್ದೆಗೆ ಏರಿದವನು. ಹೆಂಡತಿ ರೇನ್‌ಬೋ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಅವಳ ತಂದೆ ಬಿಳಿಯ, ತಾಯಿ ಕಪ್ಪು. ನಾಲ್ವರು ಮಕ್ಕಳು, ಜೊತೆಗೆ ಯಾವುದಕ್ಕೂ ತಲೆ ಬಾಗದ ಅಜ್ಜ. ಅಕ್ಕಪಕ್ಕದವರೆಲ್ಲ ಬಿಳಿಯರೇ ಆಗಿರುವ ಬಡಾವಣೆಯಲ್ಲಿ ದೊಡ್ಡ ಮನೆ. ಮೃಗಾಲಯ ತೋರಿಸುವಂತೆ ಪ್ರವಾಸಿ ಬಸ್ಸೊಂದು ತನ್ನ ಮನೆಯ ಮುಂದೆ ನಿಂತು ಈ ಅಪರೂಪದ ಕುಟುಂಬವನ್ನು ತೋರಿಸುತ್ತಿದೆ ಎಂದು ಡ್ರೇ ಮೊದಲ ಕಂತಿನಲ್ಲೇ ಕಲ್ಪಿಸಿಕೊಳ್ಳುತ್ತಾನೆ.

ಅದೇ ಕಂತಿನಲ್ಲಿ ಅವನಿಗೆ ಹಿರಿಯ ಉಪಾಧ್ಯಕ್ಷನ ಪದವಿ ಸಿಗುತ್ತದೆ. ಸಂಭ್ರಮ ಮುಗಿಯುವ ಮುನ್ನವೇ ಅದು ‘ನಗರ ವಿಭಾಗ’ದ ಉಪಾಧ್ಯಕ್ಷಗಿರಿ, ಅಂದರೆ ಕಪ್ಪು ಗಿರಾಕಿಗಳಿಗಾಗಿ ಇಟ್ಟ ಕುರ್ಚಿ ಎಂದು ಗೊತ್ತಾಗುತ್ತದೆ. ಸಿಟ್ಟಿನಿಂದ ಮನೆಗೆ ಬಂದರೆ ಅಲ್ಲಿ ಇನ್ನೊಂದು ಪೆಟ್ಟು. ಮಗ ತನ್ನನ್ನು ‘ಆಂಡಿ’ ಎಂದು ಕರೆಯಿರಿ ಎನ್ನುತ್ತಾನೆ. ಗೆಳೆಯರಂತೆ ತನಗೂ ‘ಬಾರ್ ಮಿಟ್ಸ್ವಾ’ ಬೇಕು ಎನ್ನುತ್ತಾನೆ. ಯಹೂದಿ ಹುಡುಗರಿಗೆ ಹದಿಮೂರು ತುಂಬಿದಾಗ ಮಾಡುವ, ನಮ್ಮ ಉಪನಯನವನ್ನು ನೆನಪಿಸುವ ಸಮಾರಂಭ ಅದು. ಜಾನ್ಸನ್ ಮನೆಯವರು ಯಹೂದಿಗಳಲ್ಲ ಎಂಬುದು ಹುಡುಗನಿಗೆ ದೊಡ್ಡ ಅಡ್ಡಿಯೇ ಅಲ್ಲ. ಇನ್ನು ಅವಳಿ ಮಕ್ಕಳಿಗೆ ಒಬಾಮಾ ಅವರು ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರೆಂಬುದೇ ತಿಳಿಯದು. ತಿಳಿಯುವುದಾದರೂ ಹೇಗೆ? ಅವರಿಗೆ ಬುದ್ಧಿ ಬಂದಾಗಿನಿಂದ ನೋಡಿದ ಅಧ್ಯಕ್ಷರು ಅವರೊಬ್ಬರೇ.

ತಾನು ಕಷ್ಟಪಟ್ಟು ದುಡಿದದ್ದೇ ಮಕ್ಕಳು ಸುಖವಾಗಿರಲೆಂದು. ಈಗ ಸುಖವಾಗಿರುವ ಮಕ್ಕಳಿಗೆ ತನ್ನ ಕಷ್ಟದ ಗಂಧವೇ ಇಲ್ಲವಲ್ಲ ಎಂಬುದು ಡ್ರೇಯ ಸಂಕಟ. ಹೆಸರಿನ ಕುರಿತ ವಾದವಿವಾದದಲ್ಲಿ ಬಹಳ ಮಂದಿ ಗಮನಿಸದೆ ಹೋದದ್ದು ಇದನ್ನೇ. ಯಾರು ಎಷ್ಟು ಕಪ್ಪು ಎನ್ನುವುದಕ್ಕಿಂತ, ಮಕ್ಕಳು ಅನುಭವಿಸದ ಗಾಯವನ್ನು ಅವರಿಗೆ ಹೇಗೆ ಹೇಳಬೇಕು, ಎಷ್ಟು ಹೇಳಬೇಕು ಎಂಬುದೇ ಈ ಧಾರಾವಾಹಿಯ ನಿಜವಾದ ವಸ್ತು.

ಹಿಂದಿನವರ ನೆರಳು

ಡಾಕ್ಟರು, ದೊಡ್ಡ ಮನೆ, ಮನೆ ತುಂಬ ಮಕ್ಕಳು ಎಂದೊಡನೆ ವಿಮರ್ಶಕರಿಗೆಲ್ಲ ನೆನಪಾದದ್ದು ‘ದಿ ಕಾಸ್ಬಿ ಷೋ’. 1984ರಿಂದ 1992ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ ಬಂದ ಆ ಧಾರಾವಾಹಿಯಲ್ಲಿ ತಂದೆ ಹೆರಿಗೆ ವೈದ್ಯ, ತಾಯಿ ವಕೀಲೆ, ಐವರು ಮಕ್ಕಳು. ವರ್ಷಗಟ್ಟಲೆ ಅದು ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಗಿತ್ತು. ಅಲ್ಲಿಯತನಕ ಕಿರುತೆರೆಯಲ್ಲಿ ಕಪ್ಪು ಜನರೆಂದರೆ ಹೆಚ್ಚಾಗಿ ಆಳುಗಳು, ವಿದೂಷಕರು ಇಲ್ಲವೇ ಕಡುಬಡವರು. ಅಂಥದ್ದರಲ್ಲಿ ಗೋಡೆಯ ಮೇಲೆ ಕಪ್ಪು ಕಲಾವಿದರ ಚಿತ್ರ ತೂಗುಹಾಕಿದ, ಮಕ್ಕಳ ಅಂಕಪಟ್ಟಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಒಂದು ಮನೆ ಕಂಡದ್ದು ಸಣ್ಣ ಸಂಗತಿಯಲ್ಲ.

ಆದರೆ ಆ ಮನೆಯೊಳಗೆ ವರ್ಣಭೇದದ ಮಾತು ಬಹಳ ಅಪರೂಪ. 1989ರಲ್ಲಿ ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ ಲೇಖನದಲ್ಲಿ ಇದರ ಅಪಾಯವನ್ನು ತೋರಿಸಿದರು. ತೆರೆಯ ಮೇಲಿನ ಕಪ್ಪು ಕುಟುಂಬ ಇಷ್ಟು ಸುಲಭವಾಗಿ ಮೇಲೇರಿದೆಯಾದರೆ, ಹೊರಗೆ ಕೊಳೆಗೇರಿಯಲ್ಲಿರುವವರ ಸ್ಥಿತಿಗೆ ಅವರೇ ಹೊಣೆ ಎಂದು ನೋಡುಗರು ತಿಳಿದಾರು ಎಂಬುದು ಅವರ ಆತಂಕ. 1992ರಲ್ಲಿ ಸಟ್ ಝಾಲಿ ಮತ್ತು ಜಸ್ಟಿನ್ ಲೂಯಿಸ್ ಎಂಬ ಸಂಶೋಧಕರು ಕಪ್ಪು ಮತ್ತು ಬಿಳಿಯ ಪ್ರೇಕ್ಷಕರ ಗುಂಪುಗಳನ್ನು ಕೂರಿಸಿ, ಕಂತು ತೋರಿಸಿ, ಮಾತನಾಡಿಸಿ ಬರೆದ ಪುಸ್ತಕ ಪ್ರಕಟವಾಯಿತು. ಆತಂಕ ಸುಳ್ಳಲ್ಲ ಎಂದೇ ಅವರು ತೀರ್ಮಾನಿಸಿದ್ದರು. ಬಿಳಿಯ ಪ್ರೇಕ್ಷಕರಲ್ಲಿ ಹಲವರು ಆ ಕುಟುಂಬವನ್ನು ಮನಸಾರೆ ಮೆಚ್ಚಿಕೊಂಡಿದ್ದರು. ಮೆಚ್ಚಿಕೊಂಡೇ, ವರ್ಣಭೇದ ಈಗೆಲ್ಲಿದೆ ಎನ್ನುವ ಸಮಾಧಾನಕ್ಕೂ ಬಂದಿದ್ದರು. ಈ ಸಂಶೋಧನೆಗೆ ಹಣ ಕೊಟ್ಟವರಲ್ಲಿ ಕಾಸ್ಬಿಯೂ ಒಬ್ಬರು ಎಂಬುದು ಸ್ವಾರಸ್ಯ. ಆ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾದದ್ದು 1992ರ ಏಪ್ರಿಲ್ 30ರಂದು. ರಾಡ್ನಿ ಕಿಂಗ್‌ರನ್ನು ಹೊಡೆದ ಪೊಲೀಸರ ಪರವಾಗಿ ತೀರ್ಪು ಬಂದು, ಲಾಸ್ ಏಂಜಲೀಸ್ ಹೊತ್ತಿ ಉರಿಯುತ್ತಿದ್ದ ದಿನ.

(ಕಾಸ್ಬಿ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು, 2018ರಲ್ಲಿ ಬಂದ ಶಿಕ್ಷೆ, 2021ರಲ್ಲಿ ಅದು ರದ್ದಾದದ್ದು ಬೇರೆಯೇ ಕಥೆ. ಆ ಮೇಲೆ ಆ ‘ಆದರ್ಶ ತಂದೆ’ಯನ್ನು ಹಳೆಯ ಕಣ್ಣಿನಿಂದ ನೋಡುವುದು ಯಾರಿಗೂ ಸಾಧ್ಯವಾಗಲಿಲ್ಲ.)

ಅದಕ್ಕೂ ಹಿಂದೆ 1971ರಲ್ಲಿ ಬಂದ ‘ಆಲ್ ಇನ್ ದ ಫ್ಯಾಮಿಲಿ’ ಹಿಡಿದದ್ದು ನೇರ ವಿರುದ್ಧ ದಾರಿ. ಅದರ ಮನೆಯ ಯಜಮಾನ ಆರ್ಚಿ ಬಂಕರ್ ಎಂಬ ಬಿಳಿಯ, ಬಾಯಿ ಬಿಟ್ಟರೆ ಕಪ್ಪು ಜನರನ್ನೂ ಯಹೂದಿಗಳನ್ನೂ ಹಳಿಯುವವನು. ಅವನನ್ನು ನೋಡಿ ನಕ್ಕು ಜನ ತಮ್ಮ ಪೂರ್ವಗ್ರಹ ಕಳೆದುಕೊಳ್ಳಲಿ ಎಂಬುದು ನಿರ್ಮಾಪಕ ನಾರ್ಮನ್ ಲಿಯರ್ ಆಸೆ. 1974ರಲ್ಲಿ ವಿಡ್ಮಾರ್ ಮತ್ತು ರೊಕೀಚ್ ಎಂಬ ಮನೋವಿಜ್ಞಾನಿಗಳು ಪ್ರೇಕ್ಷಕರನ್ನು ಪರೀಕ್ಷಿಸಿ ನೋಡಿದಾಗ, ಪೂರ್ವಗ್ರಹ ಹೆಚ್ಚಿದ್ದವರಿಗೆ ಆರ್ಚಿಯೇ ಮೆಚ್ಚಿನವನಾಗಿದ್ದ! ನಾವು ಯಾರನ್ನು ನೋಡಿ ನಗುತ್ತೇವೆ, ಯಾರ ಜೊತೆ ಸೇರಿ ನಗುತ್ತೇವೆ ಎಂಬುದನ್ನು ಕಥೆ ಬರೆದವನು ನಿರ್ಧರಿಸಲಾರ.

ಒಂದು ಕೋಣೆ, ಒಂದು ಟಿ.ವಿ.

‘ಬ್ಲ್ಯಾಕ್-ಇಶ್’ ಸೃಷ್ಟಿಸಿದ ಕೆನ್ಯಾ ಬ್ಯಾರಿಸ್ ಈ ಎರಡೂ ದಾರಿಗಳನ್ನು ನೋಡಿ ಬೆಳೆದವರು. ಕಥೆಗೆ ಅವರ ಸ್ವಂತ ಸಂಸಾರವೇ ಮೂಲ. ಅವರ ಆಗಿನ ಪತ್ನಿಯೂ ಅರಿವಳಿಕೆ ತಜ್ಞೆಯೇ. ಮೊದಲ ವರ್ಷ ವಿಮರ್ಶಕರು ಧಾರಾವಾಹಿಯನ್ನು ಚೆನ್ನಾಗಿದೆ, ನಗಿಸುತ್ತದೆ ಎಂದರು. ಬೆನ್ನು ನೆಟ್ಟಗೆ ಮಾಡಿ ಕೂತು ನೋಡುವಂತೆ ಮಾಡಿದ್ದು ಎರಡನೆಯ ವರ್ಷದ ‘ಹೋಪ್’, ಅಂದರೆ ‘ಭರವಸೆ’ ಎಂಬ ಕಂತು. ಪ್ರಸಾರವಾದದ್ದು 2016ರ ಫೆಬ್ರುವರಿ 24ರಂದು.

ಇಡೀ ಕಂತು ಹೆಚ್ಚುಕಡಿಮೆ ಮನೆಯ ಹಜಾರದಲ್ಲೇ ನಡೆಯುತ್ತದೆ. ಮೂರು ತಲೆಮಾರು ಟಿ.ವಿ. ಮುಂದೆ ಕುಳಿತಿದೆ. ಕಪ್ಪು ಹುಡುಗನೊಬ್ಬನ ಮೇಲೆ ಪೊಲೀಸರು ನಡೆಸಿದ ಹಲ್ಲೆ. ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುತ್ತಾರೋ ಇಲ್ಲವೋ ಎಂಬ ಸುದ್ದಿಗೆ ಎಲ್ಲರೂ ಕಾಯುತ್ತಿದ್ದಾರೆ. ಘಟನೆ ಕಲ್ಪಿತ, ಆದರೆ ನೋಡುವವರಿಗೆ ಅಂಥ ನಿಜವಾದ ಹೆಸರುಗಳು ನೆನಪಿದ್ದವು. ಇವರೆಲ್ಲ ಯಾಕಿಷ್ಟು ಸಿಟ್ಟಾಗಿದ್ದಾರೆ ಎಂದು ಚಿಕ್ಕ ಮಕ್ಕಳು ಕೇಳುತ್ತಾರೆ. ಉತ್ತರ ಹೇಳಬೇಕಾದವರು ತಂದೆ ತಾಯಿ.

ತಾಯಿಗೆ ಮಕ್ಕಳು ಇನ್ನಷ್ಟು ದಿನ ಮಕ್ಕಳಾಗಿರಲಿ ಎಂಬ ಆಸೆ. ನ್ಯಾಯ ಸಿಗುತ್ತದೆ, ವ್ಯವಸ್ಥೆಯನ್ನು ನಂಬಬೇಕು ಎಂಬ ವಾದ. ತಂದೆಗೆ ಹಾಗಲ್ಲ: ನಾಳೆ ರಸ್ತೆಯಲ್ಲಿ ಪೊಲೀಸರು ತಡೆದಾಗ ಹೇಗೆ ನಿಲ್ಲಬೇಕು, ಹೇಗೆ ಮಾತಾಡಬೇಕು ಎಂದು ಗೊತ್ತಿಲ್ಲದ ಮಗುವಿಗೆ ಅಪಾಯ ಹೆಚ್ಚು. ಮೊಕದ್ದಮೆ ಇಲ್ಲ ಎಂಬ ಸುದ್ದಿ ಬಂದ ಮೇಲೆ ಡ್ರೇ ಹೆಂಡತಿಗೆ ಒಂದು ದಿನವನ್ನು ನೆನಪಿಸುತ್ತಾನೆ. 2009ರಲ್ಲಿ ಒಬಾಮಾ ದಂಪತಿ ಅಧಿಕಾರ ಸ್ವೀಕರಿಸಿದ ದಿನ ಕಾರಿನಿಂದ ಇಳಿದು ಜನರ ನಡುವೆ ನಡೆದರಲ್ಲ, ಆಗ ಎಲ್ಲರಿಗೂ ಎಷ್ಟು ಹೆಮ್ಮೆ! ಅದೇ ಗಳಿಗೆಯಲ್ಲಿ, ಯಾರಾದರೂ ಈಗ ಗುಂಡು ಹಾರಿಸಿ ಇದನ್ನೂ ಕಿತ್ತುಕೊಂಡಾರು ಎಂದು ಎದೆ ನಡುಗಲಿಲ್ಲವೇ ಎಂದು ಕೇಳುತ್ತಾನೆ. ಹಾಸ್ಯನಟನೆಂದೇ ಹೆಸರಾದ ಆಂಟನಿ ಆಂಡರ್ಸನ್ ಆ ಮಾತನ್ನು ಆಡುವಾಗ ಕಣ್ಣು ತುಂಬಿರುತ್ತದೆ.

ವಿಮರ್ಶಕರು ಈ ಕಂತನ್ನು ಹಾಡಿ ಹೊಗಳಿದರು. 2016ರಲ್ಲೇ ಧಾರಾವಾಹಿಗೆ ಪೀಬಾಡಿ ಪ್ರಶಸ್ತಿಯೂ ಬಂತು. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಎಮಿಲಿ ನಸ್ಬಾಮ್ ಬ್ಯಾರಿಸ್ ಕುರಿತು ದೀರ್ಘ ಲೇಖನ ಬರೆದರು. ನನ್ನ ಮಟ್ಟಿಗೆ ಆ ಕಂತಿನ ಬಲವಿರುವುದು ಡ್ರೇಯ ಭಾಷಣದಲ್ಲಿ ಮಾತ್ರವಲ್ಲ. ಗಂಡ ಹೆಂಡತಿ ಇಬ್ಬರೂ ಸರಿ, ಇಬ್ಬರೂ ಮಕ್ಕಳ ಮುಂದೆಯೇ ವಾದಿಸುತ್ತಾರೆ, ಮಕ್ಕಳು ತಾವು ಎಷ್ಟು ತಿಳಿದುಕೊಂಡಿದ್ದೇವೆ ಎಂಬುದನ್ನು ತೋರಿಸಿ ಇಬ್ಬರನ್ನೂ ಬೆರಗುಗೊಳಿಸುತ್ತಾರೆ. ಮುಚ್ಚಿಟ್ಟದ್ದೆಲ್ಲ ಅವರಿಗೆ ಆಗಲೇ ಗೊತ್ತು!

ಪಾಠ ಹೆಚ್ಚಾಯಿತೇ?

ಇದೇ ಧಾರಾವಾಹಿಯ ಮೇಲಿನ ದೊಡ್ಡ ದೂರು ಅದು ಪಾಠ ಹೇಳುತ್ತದೆ ಎಂಬುದು. ಪ್ರತಿ ಕಂತೂ ಡ್ರೇಯ ಉಪನ್ಯಾಸದಿಂದ ಆರಂಭ, ಹಳೆಯ ಚಿತ್ರಗಳು, ಇತಿಹಾಸ, ಕೊನೆಗೆ ರಾಜಿ. ವರ್ಷ ಕಳೆದಂತೆ ಈ ಅಚ್ಚು ಎದ್ದು ಕಾಣತೊಡಗಿದ್ದು ನಿಜ. ಆದರೆ ಪಾಠವೂ ಸೊಗಸಾಗಿರಬಹುದು ಎಂಬುದಕ್ಕೆ 2017ರ ಅಕ್ಟೋಬರಿನ ‘ಜೂನ್‌ಟೀಂತ್’ ಕಂತನ್ನು ನೋಡಬೇಕು. ಶಾಲೆಯಲ್ಲಿ ಕೊಲಂಬಸ್ಸನನ್ನು ಕೊಂಡಾಡುವ ನಾಟಕ ನೋಡಿ ರೇಗಿದ ಡ್ರೇ, 1865ರ ಜೂನ್ 19ನ್ನು ಯಾಕೆ ಯಾರೂ ಆಚರಿಸುವುದಿಲ್ಲ ಎಂದು ಕೇಳುತ್ತಾನೆ. ಟೆಕ್ಸಾಸ್‌ನ ಗಾಲ್ವೆಸ್ಟನ್‌ನಲ್ಲಿ ಗುಲಾಮರಿಗೆ ನೀವು ಸ್ವತಂತ್ರರು ಎಂದು ಸಾರಿದ ದಿನ ಅದು. ಹಾಡು, ಕುಣಿತ, ಮಕ್ಕಳ ವ್ಯಂಗ್ಯಚಿತ್ರದ ಶೈಲಿಯಲ್ಲೇ ಆ ಇತಿಹಾಸ ಬಿಚ್ಚಿಕೊಳ್ಳುತ್ತದೆ. 2021ರಲ್ಲಿ ಆ ದಿನ ಅಮೆರಿಕದ ರಾಷ್ಟ್ರೀಯ ರಜಾದಿನವಾಯಿತು.

ಇನ್ನೊಂದು ಕಂತು ನಮ್ಮ ಮನೆಗಳಿಗೂ ತಟ್ಟುವಂಥದ್ದು. 2019ರ ಜನವರಿಯಲ್ಲಿ ಬಂದ ಅದರಲ್ಲಿ, ಶಾಲೆಯ ಗುಂಪು ಫೋಟೋದಲ್ಲಿ ಬೆಳಕು ಸರಿಯಿಲ್ಲದೆ ಮಗಳು ಡಯಾನ್‌ಳ ಮುಖ ಕಾಣಿಸುವುದೇ ಇಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಪ್ಪು ಅವಳೇ. ಶಾಲೆಯ ಮೇಲಿನ ಸಿಟ್ಟು ಬೇಗನೆ ಮನೆಯೊಳಕ್ಕೇ ತಿರುಗುತ್ತದೆ. ತಿಳಿ ಬಣ್ಣದವರು, ಗಾಢ ಬಣ್ಣದವರು ಎಂಬ ಭೇದ ತಮ್ಮೊಳಗೇ ಇದ್ದುದನ್ನು ಒಬ್ಬೊಬ್ಬರೂ ಬಾಯಿ ಬಿಡುತ್ತಾರೆ. ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ’ ಎಂಬ ಮಾತನ್ನು ಕೇಳಿ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಈ ಕಂತಿಗೆ ಅಡಿಟಿಪ್ಪಣಿ ಬೇಕಾಗದು.

ಪ್ರಶಸ್ತಿಗಳ ವಿಷಯಕ್ಕೆ ಬಂದರೆ, ರೇನ್‌ಬೋ ಪಾತ್ರಧಾರಿ ಟ್ರೇಸಿ ಎಲಿಸ್ ರಾಸ್‌ಗೆ 2017ರಲ್ಲಿ ಗೋಲ್ಡನ್ ಗ್ಲೋಬ್ ಬಂತು. ಟಿ.ವಿ. ಹಾಸ್ಯದ ಮುಖ್ಯ ನಟಿಯರ ವಿಭಾಗದಲ್ಲಿ ಅದು ಕಪ್ಪು ನಟಿಯೊಬ್ಬಳ ಪಾಲಾದದ್ದು 1983ರ ನಂತರ ಅದೇ ಮೊದಲು. ಅತ್ಯುತ್ತಮ ಹಾಸ್ಯ ಧಾರಾವಾಹಿಗೆ ಕೊಡುವ ಎಮ್ಮಿ ಮಾತ್ರ ಮತ್ತೆ ಮತ್ತೆ ನಾಮಕರಣವಾದರೂ ಕೈಗೆ ಸಿಗಲೇ ಇಲ್ಲ.

ಪೆಟ್ಟಿಗೆ ಸೇರಿದ ಕಂತು

ಹೊಗಳಿಕೆಗೂ ಒಂದು ಮಿತಿಯಿತ್ತು. 2018ರ ಫೆಬ್ರುವರಿ ಕೊನೆಯಲ್ಲಿ ಪ್ರಸಾರವಾಗಬೇಕಿದ್ದ ಕಂತೊಂದನ್ನು ಎಬಿಸಿ ವಾಹಿನಿ ತಡೆಹಿಡಿಯಿತು. ಬಿರುಗಾಳಿಯ ರಾತ್ರಿ ನಿದ್ದೆ ಬಾರದ ಕೈಗೂಸಿಗೆ ಡ್ರೇ ಕಥೆ ಹೇಳುವುದು ಅದರ ವಸ್ತು. ಕಥೆಯೊಳಗೆ ಅಧ್ಯಕ್ಷ ಟ್ರಂಪ್ ಆಳ್ವಿಕೆಯ ಮೊದಲ ವರ್ಷ, ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ ಫುಟ್‌ಬಾಲ್ ಆಟಗಾರರು ಎಲ್ಲ ಬರುತ್ತಾರೆ. ‘ಸೃಜನಶೀಲ ಭಿನ್ನಾಭಿಪ್ರಾಯ’ ಎಂಬ ಸಭ್ಯ ಕಾರಣ ಹೊರಬಂತು. ಅದೇ ವರ್ಷ ಬ್ಯಾರಿಸ್ ವಾಹಿನಿ ಬಿಟ್ಟು ನೆಟ್‌ಫ್ಲಿಕ್ಸ್ ಸೇರಿದರು. ಜಾರ್ಜ್ ಫ್ಲಾಯ್ಡ್ ಕೊಲೆಯ ನಂತರ, 2020ರ ಆಗಸ್ಟ್‌ನಲ್ಲಿ, ಬ್ಯಾರಿಸ್ ಮತ್ತೆ ಕೇಳಿಕೊಂಡ ಮೇಲೆ ಆ ಕಂತು ಹುಲು ತಾಣದಲ್ಲಿ ಬಿಡುಗಡೆಯಾಯಿತು. ನೋಡಿದವರಿಗೆ ಕಂಡದ್ದು ಮಗುವನ್ನು ತಟ್ಟಿ ಮಲಗಿಸುವ ತಂದೆ. ಇದರಲ್ಲಿ ಹೆದರುವಂಥದ್ದು ಏನಿತ್ತು ಎಂದು ಹಲವರು ಕೇಳಿದರು.

ಎಂಟು ವರ್ಷ ನಡೆದ ಧಾರಾವಾಹಿ 2022ರ ಏಪ್ರಿಲ್ 19ರಂದು ಮುಗಿಯಿತು. ಕೊನೆಯ ವರ್ಷದ ಮೊದಲ ಕಂತಿಗೆ ಮಿಶೆಲ್ ಒಬಾಮಾ ಅವರೇ ಅತಿಥಿಯಾಗಿ ಬಂದು ಜಾನ್ಸನ್ ಮನೆಯಲ್ಲಿ ಊಟಕ್ಕೆ ಕುಳಿತಿದ್ದರು. ಕೊನೆಯ ಕಂತಿನಲ್ಲಿ ಡ್ರೇ ಮತ್ತು ರೇನ್‌ಬೋ ಆ ದೊಡ್ಡ ಮನೆಯನ್ನು ಮಾರಿ, ಕಪ್ಪು ಜನರೇ ಹೆಚ್ಚಿರುವ ಬಡಾವಣೆಗೆ ಹೊರಡುತ್ತಾರೆ. ಹಳೆಯ ಮನೆಗೆ ಅವರು ಕೊಡುವ ಬೀಳ್ಕೊಡುಗೆ ನ್ಯೂ ಆರ್ಲಿಯನ್ಸ್ ಕಡೆಯ ಕಪ್ಪು ಜನರ ಶವಯಾತ್ರೆಯ ರೀತಿಯದು: ವಾದ್ಯ, ಕುಣಿತ, ಬೀದಿಯಲ್ಲಿ ಮೆರವಣಿಗೆ.